ಹಾಡಿಗೆ ಹೊಂದಿಸಿದ ಚಿತ್ರ ಮಸುಕಾಗುವುದೇಕೆ?

ಕೇಳುಗರೇ, ನಮಸ್ಕಾರ. ಮೆಚ್ಚಿನ ಚಲನಚಿತ್ರದ ಅಥವಾ ಧಾರಾವಾಹಿಯ ದೃಶ್ಯಗಳನ್ನು ಆಯ್ದು, ಹಾಡೊಂದರ ತಾಳಕ್ಕೆ ಜೋಡಿಸಿ ವಿಡಿಯೊ ಮಾಡುವ ಅಭಿಮಾನಿಗಳು ವಾರಗಟ್ಟಲೆ ದುಡಿಯುತ್ತಾರೆ; ಕೊನೆಗೆ ನೋಡಿದರೆ ಚಿತ್ರವೇ ಮಸುಕು. ಆಗ ಅವರ ಕೈ ಮೊದಲು ಹೋಗುವುದು ‘ಶಾರ್ಪನ್’ ಎಂಬ ಫಿಲ್ಟರ್‌ನ ಕಡೆಗೆ. ಅದು ಹೊಸ ವಿವರವನ್ನೇನೂ ಹುಟ್ಟಿಸುವುದಿಲ್ಲ. ಅಂಚುಗಳ ಆಚೀಚೆಗಿನ ಬೆಳಕು-ಕತ್ತಲೆಯ ಅಂತರವನ್ನು ಹಿಗ್ಗಿಸುತ್ತದೆ, ಜೊತೆಗೆ ಚಿತ್ರದೊಳಗಿನ ಕಸವನ್ನೂ ಎತ್ತಿ ತೋರಿಸುತ್ತದೆ.

ಮಸುಕಿನ ಬೇರು ಬಹುಮಟ್ಟಿಗೆ ಮೂಲ ತುಣುಕಿನಲ್ಲಿಯೇ ಇರುತ್ತದೆ. ಅಂತರ್ಜಾಲದಿಂದ ಇಳಿಸಿಕೊಂಡ ತುಣುಕು ಆಗಲೇ ಒಂದೆರಡು ಬಾರಿ ಸಂಕುಚನಗೊಂಡಿರುತ್ತದೆ; ಪ್ರತಿ ಬಾರಿಯೂ ಎನ್‌ಕೋಡರ್, ಅಂದರೆ ವಿಡಿಯೊವನ್ನು ಹಿಂಡಿ ಚಿಕ್ಕದಾಗಿಸುವ ತಂತ್ರಾಂಶ, ಕಣ್ಣಿಗೆ ಬೀಳದೆಂದು ಬಗೆದ ವಿವರವನ್ನು ಎಸೆಯುತ್ತದೆ, ಎಸೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಸಾಧ್ಯವಿದ್ದಲ್ಲಿ ಡಿಸ್ಕ್‌ನಿಂದಲೇ ಆರಂಭಿಸಬೇಕು. 720x480 ಅಳತೆಯ ಡಿವಿಡಿ ಫ್ರೇಮ್‌ಗಿಂತ 1920x1080ರ ಬ್ಲೂ-ರೇ ಫ್ರೇಮ್‌ನಲ್ಲಿ ಸರಿಯಾಗಿ ಆರು ಪಟ್ಟು ಪಿಕ್ಸೆಲ್‌ಗಳಿರುತ್ತವೆ.

ಡಿವಿಡಿಯೇ ಗತಿಯಾದರೆ ಮತ್ತೊಂದು ತೊಡಕು ಎದುರಾಗುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳ ಫಿಲ್ಮನ್ನು ಸುಮಾರು 30 ಫ್ರೇಮ್‌ಗಳ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗೆ ಹೊಂದಿಸಲು ನಾಲ್ಕನ್ನು ಐದಾಗಿಸಿರುತ್ತಾರೆ. ಆ ಐದರಲ್ಲಿ ಎರಡು ಫ್ರೇಮ್‌ಗಳು, ಸಾಲು ಬಿಟ್ಟು ಸಾಲಿನಂತೆ, ಬೇರೆ ಬೇರೆ ಕ್ಷಣಗಳ ಬೆರಕೆಗಳು. ಪಾತ್ರವೊಂದು ಕೈ ಬೀಸುವಾಗ ತಡೆದು ನೋಡಿ: ಬೆರಳುಗಳ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿರುತ್ತದೆ. ಈ ಹಲ್ಲುಗಳನ್ನು ಅಳಿಸಲು ‘ಡಿಇಂಟರ್‌ಲೇಸ್’ ಎಂದು ಅರ್ಧ ಸಾಲುಗಳನ್ನು ಬಿಸಾಡಿದರೆ ಹಲ್ಲುಗಳ ಜೊತೆ ವಿವರವೂ ಹೋಗುತ್ತದೆ. ಸಾಲುಗಳನ್ನು ಮತ್ತೆ ಅವುಗಳ ಜೋಡಿಗೆ ಸೇರಿಸಿ ಮೂಲದ 24 ಫ್ರೇಮ್‌ಗಳನ್ನು ಹಿಂಪಡೆಯುವ ಇನ್ವರ್ಸ್ ಟೆಲಿಸಿನಿಯೇ ಇಲ್ಲಿ ಸರಿಯಾದ ದಾರಿ, ಮತ್ತು ಅದನ್ನು ಕತ್ತರಿಸುವುದಕ್ಕೂ ಅಳತೆ ಬದಲಿಸುವುದಕ್ಕೂ ಮೊದಲೇ ಮಾಡಬೇಕು. ಕತ್ತರಿ ಬಿದ್ದ ಮೇಲೆ ಆ ಐದರ ಲಯ ಮುರಿದಿರುತ್ತದೆ, ಅಳತೆ ಬದಲಾದರೆ ಹಲ್ಲುಗಳು ಚಿತ್ರದೊಳಕ್ಕೇ ಕರಗಿಹೋಗುತ್ತವೆ.

ಹೀಗೆ ತೊಳೆದ ತುಣುಕನ್ನು ಹಫ್‌ವೈಯುವಿ ಅಥವಾ ಯೂಟಿ ವಿಡಿಯೊದಂತಹ ನಷ್ಟರಹಿತ ಕೋಡೆಕ್‌ನಲ್ಲಿ, ಅಂದರೆ ಯಾವ ವಿವರವನ್ನೂ ಎಸೆಯದ ಸಂಕುಚನ ವಿಧಾನದಲ್ಲಿ, ಉಳಿಸಿಕೊಂಡರೆ ಎಡಿಟಿಂಗ್ ಉದ್ದಕ್ಕೂ ಮತ್ತೆ ಹಾನಿಯಿಲ್ಲ. ಕಡತಗಳು ಹಲವು ಗಿಗಾಬೈಟ್ ತಿನ್ನುತ್ತವೆ. ಕೆಲಸ ಮುಗಿದ ಮೇಲೆ ಅಳಿಸಿದರಾಯಿತು.

ಕತ್ತಲ ದೃಶ್ಯಗಳಲ್ಲಿ ಬೇರೆಯದೇ ಕಾಟ. ಮುಸ್ಸಂಜೆಯ ಆಕಾಶವು ನಯವಾಗಿ ಇಳಿಯಬೇಕಾದಲ್ಲಿ ಪಟ್ಟಿ ಪಟ್ಟಿಯಾಗಿ ಕಾಣುತ್ತದೆ. 8-ಬಿಟ್ ಚಿತ್ರದಲ್ಲಿ ಬೆಳಕಿನ ಮೆಟ್ಟಿಲುಗಳು ಹೆಚ್ಚೆಂದರೆ 256; ಇಡೀ ಆಕಾಶ ಅವುಗಳಲ್ಲಿ ಹತ್ತಕ್ಕೆ ಸಿಕ್ಕಿಕೊಂಡರೆ ಒಂದೊಂದು ಮೆಟ್ಟಿಲೂ ಅಗಲವಾದ ಪಟ್ಟಿಯಾಗುತ್ತದೆ. ಗದ್ದಲವನ್ನು, ಅಂದರೆ ಚಿತ್ರದಲ್ಲಿ ಚದುರಿದ ಸಣ್ಣ ಚುಕ್ಕೆಗಳನ್ನು, ಕಡಿಮೆ ಮಾಡುವ ಫಿಲ್ಟರನ್ನು ಅತಿಯಾಗಿ ಬಳಸಿದವರಿಗೆ ಈ ಪಟ್ಟಿಗಳು ಇನ್ನೂ ಢಾಳಾಗಿ ಕಾಣುತ್ತವೆ, ಏಕೆಂದರೆ ಅವನ್ನು ಮುಚ್ಚಿದ್ದದ್ದೇ ಆ ಸಣ್ಣ ಗದ್ದಲ. ವಿಚಿತ್ರವೆನಿಸಿದರೂ, ಪಟ್ಟಿಗಳನ್ನು ಅಳಿಸುವ ಡಿಬ್ಯಾಂಡ್ ಫಿಲ್ಟರ್ ಬಳಸಿ, ಮೇಲೊಂದಿಷ್ಟು ನವಿರಾದ ಚುಕ್ಕೆಗಳ ಕಾಳು ಉದುರಿಸುವುದೇ ಮದ್ದು.

ಕೊನೆಯ ಎನ್‌ಕೋಡ್‌ಗೆ ಎಕ್ಸ್264 ಎಂಬ ಎನ್‌ಕೋಡರ್ ಬಳಸುವವರು, ಗುಣಮಟ್ಟವನ್ನು ನಿಗದಿಪಡಿಸುವ ಸಿಆರ್‌ಎಫ್ ಮೌಲ್ಯವನ್ನು ತಾನಾಗಿ ಇರುವ 23ರಲ್ಲಿ ಬಿಡದೆ 16ರಿಂದ 18ಕ್ಕೆ ಇಳಿಸಲಿ. ಅಂಕಿ ಇಳಿದಷ್ಟೂ ಗುಣಮಟ್ಟ ಏರುತ್ತದೆ. ವಿಡಿಯೊ ತಾಣಗಳು ನಿಮ್ಮ ಕಡತವನ್ನು ಹೇಗೂ ಇನ್ನೊಮ್ಮೆ ಹಿಂಡುತ್ತವೆ, ಆ ಹಿಂಡುವಿಕೆಗೆ ಸಿಗುವುದು ತುಂಬಿದ ಹಣ್ಣೇ ಆಗಿರಲಿ. ನಮಸ್ಕಾರ.