ಹೋದ ವರ್ಷದ ಠರಾವು

ಎಲ್ಲರಿಗೂ ನಮಸ್ಕಾರ. ಪಂಚಾಯ್ತಿ ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು, ಶಾಲೆಯ ಗುರುಗಳು, ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಎಲ್ಲ ಸೇರಿದ್ದೀರಿ. ಬೆಳಗ್ಗೆ ಬೇಗ ಎದ್ದು ಬಸ್ ಹಿಡಿದು ವಿಜಯಪುರಕ್ಕೆ ಬಂದಿದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಮಕ್ಕಳ ಗ್ರಾಮಸಭೆಗೆ, ಅಂದರೆ ಮಕ್ಕಳು ತಮ್ಮ ತೊಂದರೆಗಳನ್ನು ಪಂಚಾಯ್ತಿಯ ಮುಂದೆ ಹೇಳುವ ಸಭೆಗೆ, ಹೋಗಿದ್ದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. "ಶೌಚಾಲಯಕ್ಕ ನಳ ಹಾಕಸ್ತೀವಿ ಅಂತ ಹೋದ ವರ್ಷ ಬರಕೊಂಡಿದ್ರಿ. ನಳ ಬಂದೈತ್ರಿ, ನೀರು ಬಂದಿಲ್ಲ" ಅಂದಳು. ನಡಾವಳಿ ಪುಸ್ತಕ ತರಿಸಿದರು. ಆ ಠರಾವಿನ ಎದುರಿಗೆ 'ಕಾಮಗಾರಿ ಪೂರ್ಣ' ಅಂತ ಬರೆದಿತ್ತು. ಬರೆದವರು ಸುಳ್ಳು ಬರೆದಿರಲಿಲ್ಲ. ಅವರು ನಳ ಎಣಿಸಿದ್ದರು, ಅಷ್ಟೇ. ನೀರಿಲ್ಲದ ಶೌಚಾಲಯ ಅಂತ ಆ ಶಾಲೆಯ ದೊಡ್ಡ ಹುಡುಗಿಯರು ತಿಂಗಳಿಗೆ ನಾಲ್ಕೈದು ದಿನ ಮನೆಯಲ್ಲೇ ಉಳಿಯುತ್ತಿದ್ದರು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಹಾಳೆಯಲ್ಲೇ ಇದೆ.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಒಪ್ಪಿತು. ಭಾರತ 1992ರ ಡಿಸೆಂಬರ್‌ನಲ್ಲಿ ಅದಕ್ಕೆ ಸೇರಿತು. ಸೇರಿದ ದೇಶ ಮೊದಲು ಎರಡು ವರ್ಷದೊಳಗೆ, ಆಮೇಲೆ ಐದು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಜಿನೀವಾದಲ್ಲಿ 18 ಜನ ತಜ್ಞರ ಸಮಿತಿ ಅದನ್ನು ಓದಿ ಪ್ರಶ್ನೆ ಕೇಳುತ್ತದೆ. ನಮ್ಮ ಮೂರನೇ ಮತ್ತು ನಾಲ್ಕನೇ ವರದಿಗಳನ್ನು ಒಟ್ಟಿಗೆ ಪರಿಶೀಲಿಸಿದ್ದು 2014ರಲ್ಲಿ. ಒಂದು ಮಗುವಿನ ಬಾಲ್ಯ ಅಷ್ಟು ನಿಧಾನವಾಗಿ ಸಾಗುವುದಿಲ್ಲ, ಅಲ್ವಾ? ಆ ಸಮಿತಿ ಬೇಕು. ಆದರೆ ಊರಿನ ಕೆಲಸ ಊರಲ್ಲೇ ನೋಡಬೇಕು.

ಕಾನೂನಿಗೇನೂ ಕೊರತೆ ಇಲ್ಲ. 2005ರ ಕಾಯ್ದೆಯಿಂದ ಮಕ್ಕಳ ಹಕ್ಕುಗಳ ಆಯೋಗಗಳು ಬಂದವು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂತು. ಮಕ್ಕಳಿಗೆ ಎಷ್ಟು ಹಣ ಇಟ್ಟಿದ್ದೇವೆ ಅಂತ ಕೇಂದ್ರ ಬಜೆಟ್ಟಿನಲ್ಲಿ ಬೇರೆಯಾಗಿ ತೋರಿಸುತ್ತಾರೆ. ನಮ್ಮ ರಾಜ್ಯವೂ 2020-21ರಿಂದ ಮಕ್ಕಳ ಬಜೆಟ್ ಕೊಡುತ್ತಿದೆ. ಅದನ್ನು ಓದುವಾಗ ಇಟ್ಟದ್ದು ಎಷ್ಟು ಅನ್ನುವುದರ ಜೊತೆ ಖರ್ಚಾದದ್ದು ಎಷ್ಟು ಅಂತಲೂ ನೋಡಿ.

ನಿಮಗೆ ಎಲ್ಲಕ್ಕಿಂತ ಹತ್ತಿರದ್ದು ಶಿಕ್ಷಣ ಹಕ್ಕು ಕಾಯ್ದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 9ನೇ ಕಲಮು ನೇರವಾಗಿ ಸ್ಥಳೀಯ ಸಂಸ್ಥೆಗೆ, ಅಂದರೆ ನಿಮಗೆ, ಹೇಳಿದ ಮಾತು. ನಿಮ್ಮ ವ್ಯಾಪ್ತಿಯಲ್ಲಿ ವಾಸ ಇರುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡಬೇಕು. ವಲಸೆ ಬಂದ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಇದನ್ನು ಎಷ್ಟು ಜನ ಓದಿದ್ದೀರಿ? ದಯವಿಟ್ಟು ಓದಿ.

ಯಾಕಂದರೆ ನಮ್ಮ ಕಡೆ ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವುದು, ದೊಡ್ಡ ಮಾತು. ದೀಪಾವಳಿ ಹೊತ್ತಿಗೆ ತಾಂಡಾಗಳಿಂದ ಕಬ್ಬು ಕಡಿಯಲು ಗಂಡ-ಹೆಂಡತಿ ಹೊರಡುತ್ತಾರೆ. ಮುಂಗಡ ಆಗಲೇ ತೆಗೆದುಕೊಂಡಿರುತ್ತಾರೆ. ಕೆಲವರು ಮಹಾರಾಷ್ಟ್ರಕ್ಕೆ, ಕೆಲವರು ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳ ಹತ್ತಿರಕ್ಕೆ. ಅಜ್ಜಿ ಇದ್ದರೆ ಮಗು ಊರಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅದೂ ಪಾತ್ರೆ, ಹಾಸಿಗೆ ಜೊತೆ ಟ್ರ್ಯಾಕ್ಟರ್ ಹತ್ತುತ್ತದೆ. ಯುಗಾದಿ ಹೊತ್ತಿಗೆ ವಾಪಸ್.

ಒಂದು ಶಾಲೆಯ ಹಾಜರಿ ಪುಸ್ತಕ ನೋಡಿದ್ದೆ. ನವೆಂಬರ್‌ನಿಂದ ಒಬ್ಬ ಹುಡುಗನ ಹೆಸರಿನ ಮುಂದೆ ಸಾಲಾಗಿ ಗೈರು. ಆದರೂ ದಾಖಲಾದವರ ಲೆಕ್ಕದಲ್ಲಿ ಅವನಿದ್ದ. ಅವನು ಆಗ ಎಲ್ಲಿದ್ದನೋ, ಆ ಊರಿನ ಯಾವ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ತಂಗಿಯನ್ನು ಎತ್ತಿಕೊಂಡು ಗುಡಿಸಲು ಕಾಯುತ್ತಿದ್ದ ಅಂತ ಅವನ ಅಜ್ಜಿ ಆಮೇಲೆ ಹೇಳಿದರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತದೆ.

ಇಲ್ಲಿ ಎರಡೂ ಊರಿಗೆ ಕೆಲಸ ಇದೆ. ಕಳಿಸುವ ಊರು ದಸರಾ ಮುಗಿದ ಕೂಡಲೇ ಯಾವ ಮನೆ ಹೊರಡುತ್ತಿದೆ, ಎಲ್ಲಿಗೆ, ಮಕ್ಕಳೆಷ್ಟು ಅಂತ ಬರೆದಿಡಬೇಕು. ಆಶಾ, ಅಂಗನವಾಡಿ ಅಕ್ಕಂದಿರಿಗೆ ಇದು ಬಾಯಲ್ಲೇ ಇರುತ್ತದೆ, ಕೇಳಿದರೆ ಸಾಕು. ಬರಮಾಡಿಕೊಳ್ಳುವ ಊರು ಗುಡಿಸಲಿಗೆ ಹೋಗಿ ಎಣಿಸಬೇಕು. ಟಿಸಿ, ಅಂದರೆ ಹಳೇ ಶಾಲೆಯ ವರ್ಗಾವಣೆ ಪತ್ರ, ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಕಾಯ್ದೆಯಲ್ಲೇ ಹಾಗಿದೆ. ಯಾರಾದರೂ ಈ ಬಗ್ಗೆ ಪಂಚಾಯ್ತಿಗೆ ಬರೆದುಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದು ಸರಿ ಅನಿಸದಿದ್ದರೆ ರಾಜ್ಯದ ಮಕ್ಕಳ ಹಕ್ಕುಗಳ ಆಯೋಗಕ್ಕೆ ಹೋಗಬಹುದು.

ಇನ್ನು ಮಕ್ಕಳ ಗ್ರಾಮಸಭೆ. ಹಾರ, ಭಾಷಣ, ಬಾಳೆಹಣ್ಣು, ಫೋಟೊ. ಇಷ್ಟರಲ್ಲೇ ಒಂದು ತಾಸು ಹೋಗುತ್ತದೆ. ನನ್ನ ಕೋರಿಕೆ ಒಂದೇ. ಸಭೆ ಶುರುವಾದ ಕೂಡಲೇ ಹೋದ ವರ್ಷದ ಠರಾವುಗಳನ್ನು ಜೋರಾಗಿ ಓದಿ. ಒಂದೊಂದಕ್ಕೂ 'ಆಯಿತೋ ಇಲ್ಲವೋ' ಅಂತ ಮಕ್ಕಳನ್ನೇ ಕೇಳಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಹಾಗೇ ಬರೆಯಿರಿ.

ಆ ಶಾಲೆಯ ನಳಕ್ಕೆ ಟ್ಯಾಂಕಿನಿಂದ ಪೈಪ್ ಜೋಡಿಸಿರಲಿಲ್ಲ. ಒಂದು ದಿನದ ಕೆಲಸ. ಹದಿಮೂರು ತಿಂಗಳು ಹಾಗೇ ಉಳಿದಿತ್ತು.

ನಿಮ್ಮ ನಿಮ್ಮ ಪಂಚಾಯ್ತಿಯ ನಡಾವಳಿ ನಕಲು ತರಬೇಕು ಅಂತ ಮೊದಲೇ ಕೇಳಿಕೊಂಡಿದ್ದೆವು. ಊಟಕ್ಕೆ ಇನ್ನೂ ಅರ್ಧ ತಾಸು ಇದೆ. ಹೊರಗೆ ತೆಗೆಯಿರಿ, ಓದೋಣ.