ಯೂನಿವರ್ಸಿಟಿ ಉಪನ್ಯಾಸಕ್ಕೆ ನೀವೂ ಹೋಗಬಹುದು

ನಮಸ್ಕಾರ ಕೇಳುಗರೇ.

ಯೂನಿವರ್ಸಿಟಿ ಗೇಟಿನ ಪಕ್ಕ, ಇಲ್ಲವೇ ನೋಟಿಸ್ ಬೋರ್ಡಿನಲ್ಲಿ ಒಂದು ಪೋಸ್ಟರ್ ಅಂಟಿಸಿರುತ್ತಾರೆ. ಇಂಥ ದಿನ, ಇಷ್ಟು ಗಂಟೆಗೆ, ಇಂಥವರಿಂದ ಸಾರ್ವಜನಿಕ ಉಪನ್ಯಾಸ. ಕೆಳಗೆ ಸಣ್ಣ ಅಕ್ಷರದಲ್ಲಿ 'ಎಲ್ಲರಿಗೂ ಸ್ವಾಗತ'. ನಾವು ಓದುತ್ತೇವೆ, ಮುಂದೆ ಹೋಗುತ್ತೇವೆ. ಅದು ಓದಿದವರಿಗೆ ಬಿಡಿ, ನಮಗೇನು ಕೆಲಸ ಅಂತ. ಆದರೆ ಆ ಸಾಲನ್ನು ಸುಮ್ನೆ ಮರ್ಯಾದೆಗೆ ಬರೆದಿರುವುದಿಲ್ಲ. ಸಾರ್ವಜನಿಕ ಅಂದರೆ ನೀವೇ. ಬಾಗಿಲಲ್ಲಿ ಯಾರೂ ನಿಮ್ಮ ಡಿಗ್ರಿ ಕೇಳುವುದಿಲ್ಲ.

ಪ್ಯಾರಿಸ್ಸಿನಲ್ಲಿ ಕಾಲೇಜ್ ದ ಫ್ರಾನ್ಸ್ ಅಂತ ಒಂದು ಸಂಸ್ಥೆ ಇದೆ. 1530ರಲ್ಲಿ ರಾಜ ಮೊದಲನೇ ಫ್ರಾನ್ಸಿಸ್ ಕಾಲದಲ್ಲಿ ಶುರುವಾಗಿದ್ದು. ಅಲ್ಲಿ ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ, ಫೀಸ್ ಇಲ್ಲ, ಪಾಠ ಕೇಳಲು ಹೆಸರು ಬರೆಸಬೇಕಾಗಿಯೂ ಇಲ್ಲ. ಹೋಗಿ ಕೂತರೆ ಆಯಿತು. ಪ್ರೊಫೆಸರುಗಳಿಗೆ ಮಾತ್ರ ಒಂದು ಕಷ್ಟ: ಹಳೇ ನೋಟ್ಸ್ ತಂದು ಓದುವ ಹಾಗಿಲ್ಲ, ಆಗ ತಾವು ಮಾಡುತ್ತಿರುವ ಸಂಶೋಧನೆಯನ್ನೇ ಹೇಳಬೇಕು.

ಅಲ್ಲಿ 1971ರಿಂದ 1984ರವರೆಗೆ ಫ್ರೆಂಚ್ ಚಿಂತಕ ಮಿಷೆಲ್ ಫೂಕೋ ಉಪನ್ಯಾಸ ಕೊಡುತ್ತಿದ್ದರು. ಹಾಲ್ ತುಂಬಿ, ಪಕ್ಕದ ಹಾಲಿನಲ್ಲೂ ಜನ ಕೂತು ಸ್ಪೀಕರಿನಲ್ಲಿ ಕೇಳುತ್ತಿದ್ದರಂತೆ. ಮೇಜಿನ ತುಂಬಾ ಜನ ತಂದಿಟ್ಟ ಟೇಪ್ ರೆಕಾರ್ಡರುಗಳು, ಫೂಕೋ ಅವರ ಕಾಗದಗಳಿಗೇ ಜಾಗ ಇಲ್ಲ. ಜನ ಸ್ವಲ್ಪ ಕಡಿಮೆಯಾಗಲಿ ಅಂತ 1976ರಲ್ಲಿ ಅವರು ಸಂಜೆ 5.45ರ ಉಪನ್ಯಾಸವನ್ನು ಬೆಳಿಗ್ಗೆ 9ಕ್ಕೆ ಹಾಕಿದರು. ಆಗಲೂ ಜನ ಬಂದರು! ಇಷ್ಟೆಲ್ಲಾ ಇದ್ದೂ ಅವರಿಗೆ ಒಂದು ಕೊರಗು. ಉಪನ್ಯಾಸ ಮುಗಿದ ತಕ್ಷಣ ಜನ ಮೇಜಿನ ಹತ್ತಿರ ನುಗ್ಗುತ್ತಿದ್ದರು, ಮಾತಾಡಿಸಲು ಅಲ್ಲ, ತಮ್ಮ ರೆಕಾರ್ಡರ್ ಆಫ್ ಮಾಡಲು. ಮಾತು ಎಲ್ಲೋ ಹಳಿ ತಪ್ಪಿದಾಗ ಒಂದು ಪ್ರಶ್ನೆ ಬಂದಿದ್ದರೆ ಎಲ್ಲಾ ಸರಿ ಹೋಗುತ್ತಿತ್ತು, ಆ ಪ್ರಶ್ನೆ ಬರಲೇ ಇಲ್ಲ ಅನ್ನುವ ಅರ್ಥದಲ್ಲಿ ಅವರೇ ಹೇಳಿಕೊಂಡಿದ್ದಾರೆ.

ಇದನ್ನು ಯಾಕೆ ಹೇಳಿದೆ ಅಂದರೆ, ಉಪನ್ಯಾಸಕ್ಕೆ ಖುದ್ದಾಗಿ ಹೋಗುವುದೇ ಪ್ರಶ್ನೆಗೋಸ್ಕರ ಅನ್ನುವುದು ನನ್ನ ಮಾತು. ಬರೀ ಕೇಳುವುದಾದರೆ ಮನೆಯಲ್ಲೇ ವಿಡಿಯೋ ನೋಡಬಹುದಲ್ವಾ? ಆ ವಿಡಿಯೋಗಳಲ್ಲಿ ಪ್ರಶ್ನೋತ್ತರದ ಭಾಗವನ್ನು ಎಷ್ಟೋ ಸಲ ಕತ್ತರಿಸಿಬಿಟ್ಟಿರುತ್ತಾರೆ, ಇದ್ದರೂ ಪ್ರಶ್ನೆ ಕೇಳಿದವರ ಕೈಗೆ ಮೈಕ್ ಸಿಕ್ಕಿರುವುದಿಲ್ಲ, ಉತ್ತರ ಮಾತ್ರ ಕೇಳಿಸುತ್ತದೆ, ಯಾವುದಕ್ಕೆ ಉತ್ತರ ಅಂತ ನಾವೇ ಊಹಿಸಬೇಕು.

ಸೆಮಿನಾರ್ ಸ್ವಲ್ಪ ಬೇರೆ. ಸಾರ್ವಜನಿಕ ಉಪನ್ಯಾಸದಲ್ಲಿ ಮುಗಿದ ಕೆಲಸವನ್ನು ಎಲ್ಲರಿಗೂ ತಿಳಿಯುವ ಹಾಗೆ ಹೇಳುತ್ತಾರೆ. ವಿಭಾಗದ ಸೆಮಿನಾರಿನಲ್ಲಿ ಇನ್ನೂ ಒಲೆಯ ಮೇಲಿರುವ ಕೆಲಸವನ್ನು ತಂದು, ಸರಿ ಬೆಂದಿದೆಯಾ ನೋಡಿ ಅನ್ನುತ್ತಾರೆ. ಚಿಕ್ಕ ಕೋಣೆ, ಹದಿನೈದಿಪ್ಪತ್ತು ಜನ. ಇದಕ್ಕೂ ಹೊರಗಿನವರನ್ನು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಅನುಮಾನ ಇದ್ದರೆ ವಿಭಾಗದ ಆಫೀಸಿನಲ್ಲಿ ಒಂದು ಮಾತು ಕೇಳಿ.

ಅರ್ಥ ಆಗದಿದ್ದರೆ? ಪೂರ್ತಿ ಆಗುವುದಿಲ್ಲ, ಅದು ನಿಮಗೊಬ್ಬರಿಗೇ ಅಲ್ಲ. ಅದೇ ವಿಭಾಗದ ಪ್ರೊಫೆಸರುಗಳೂ, ವಿಷಯ ಸ್ವಲ್ಪ ಆಚೆಯದಾದರೆ, ಅರ್ಧಕ್ಕೆ ದಾರಿ ತಪ್ಪಿ ಗಂಭೀರವಾಗಿ ತಲೆ ಆಡಿಸುತ್ತಾ ಕೂತಿರುತ್ತಾರೆ. ಮೊದಲ ಹತ್ತು ನಿಮಿಷ ಗಟ್ಟಿಯಾಗಿ ಹಿಡಿದುಕೊಳ್ಳಿ. ಇವರು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಅನ್ನುವುದು ಅಲ್ಲೇ ಇರುತ್ತದೆ. ಅದು ಸಿಕ್ಕಿದರೆ ನಡುವೆ ಕೈ ಬಿಟ್ಟುಹೋದರೂ ಕೊನೆಯಲ್ಲಿ ಮತ್ತೆ ಸೇರಿಕೊಳ್ಳಬಹುದು.

ಮಾಸ್ಕೋ ಯೂನಿವರ್ಸಿಟಿಯಲ್ಲಿ ಗಣಿತಜ್ಞ ಇಸ್ರೇಲ್ ಗೆಲ್ಫಾಂಡ್ 1943ರಲ್ಲಿ ಒಂದು ಸೆಮಿನಾರ್ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಪ್ರತಿ ಸೋಮವಾರ ಸಂಜೆ. ಅಲ್ಲಿ ಭಾಷಣಕಾರ ಎರಡು ಮಾತಾಡುವಷ್ಟರಲ್ಲಿ ಗೆಲ್ಫಾಂಡ್ ತಡೆಯುತ್ತಿದ್ದರು. ಕೂತವರಲ್ಲಿ ಯಾರನ್ನಾದರೂ ಎಬ್ಬಿಸಿ, ಇವರು ಈಗ ಏನು ಹೇಳಿದರು, ನೀನು ಹೇಳು ಅನ್ನುತ್ತಿದ್ದರು. ಅದರಲ್ಲಿ ಚಿಕ್ಕ ಹುಡುಗರೂ ಇರುತ್ತಿದ್ದರು. ಕೆಲವರಿಗೆ ಅವಮಾನವೂ ಆಗಿರಬೇಕು, ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅರ್ಥವಾಗದೆ ತಲೆ ಆಡಿಸುವ ಆಟ ಅಲ್ಲಿ ನಡೆಯುತ್ತಿರಲಿಲ್ಲ.

ಇನ್ನು ಪ್ರಶ್ನೆ ಕೇಳುವ ವಿಷಯ. ಎಲ್ಲಾ ಸಭೆಯಲ್ಲೂ ಒಬ್ಬರು ಇರುತ್ತಾರೆ. ಮೈಕ್ ಸಿಕ್ಕಿದ ಕೂಡಲೇ 'ನನ್ನದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ' ಅಂತ ಶುರು ಮಾಡಿ ತಮ್ಮದೇ ಉಪನ್ಯಾಸ ಕೊಡುತ್ತಾರೆ. ಅಧ್ಯಕ್ಷರು ಗಡಿಯಾರ ನೋಡುತ್ತಾರೆ, ಒಮ್ಮೆ ಕೆಮ್ಮುತ್ತಾರೆ, ಆಮೇಲೆ 'ನಿಮ್ಮ ಪ್ರಶ್ನೆ ಏನು ಸರ್?' ಅನ್ನುತ್ತಾರೆ. ದಯವಿಟ್ಟು ಆ ಒಬ್ಬರು ನೀವಾಗಬೇಡಿ. ಚಿಕ್ಕದಾಗಿ ಕೇಳಿ. ಇದು ನಿಮಗೆ ಹೇಗೆ ಗೊತ್ತಾಯಿತು? ಏನು ಕಂಡುಬಂದಿದ್ದರೆ ನಿಮ್ಮ ಮಾತು ತಪ್ಪು ಅಂತ ಒಪ್ಪುತ್ತಿದ್ದಿರಿ? ಯಾವ ವಿಷಯಕ್ಕೂ ಇವು ನಡೆಯುತ್ತವೆ, ಕೇಳುವುದಕ್ಕೆ ಪಾಂಡಿತ್ಯ ಬೇಡ.

ಉದಾಹರಣೆಗೆ ಪರದೆಯ ಮೇಲೆ ಒಂದು ಗ್ರಾಫ್ ಬಂತು ಅನ್ನಿ. ಚುಕ್ಕಿಗಳೆಲ್ಲಾ ಒಂದು ಗೆರೆಯ ಸುತ್ತ ಚೆನ್ನಾಗಿ ಕೂತಿವೆ, ಬಲಗಡೆ ಮೂರು ಮಾತ್ರ ದೂರ ನಿಂತಿವೆ. ಭಾಷಣಕಾರರು ಅವುಗಳ ಬಗ್ಗೆ ಏನೂ ಹೇಳದೆ ಮುಂದೆ ಹೋದರು. ಕೊನೆಯಲ್ಲಿ ನೀವು ಕೈ ಎತ್ತಿ, ಆ ಮೂರು ಚುಕ್ಕಿಗಳು ಯಾಕೆ ಅಲ್ಲಿವೆ ಅಂತ ಕೇಳಿದಿರಿ. ಈಗ ನೋಡಿ, ಅವರು ಒಂದೊಂದೇ ಸ್ಲೈಡ್ ಹಿಂದಕ್ಕೆ ತಳ್ಳುತ್ತಾ ಹೋಗುತ್ತಾರೆ, ಗ್ರಾಫ್ ಸಿಗುತ್ತದೆ, ಲೇಸರಿನ ಕೆಂಪು ಚುಕ್ಕೆ ಆ ಮೂರರ ಸುತ್ತ ನಡುಗುತ್ತದೆ, 'ಹಾಂ, ಅದು ಅಳತೆಯ ದೋಷ ಇರಬೇಕು' ಅನ್ನುತ್ತಾರೆ, ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬರು, ಮೂರಕ್ಕೂ ಒಂದೇ ಕಡೆಗೆ ದೋಷ ಬಂತಾ ಅಂತ ಕೇಳುತ್ತಾರೆ. ಇಲ್ಲಿಂದ ಶುರುವಾಗುವ ಐದು ನಿಮಿಷ ಇದೆಯಲ್ಲ, ಅದು ಹಿಂದಿನ ನಲವತ್ತೈದು ನಿಮಿಷಕ್ಕಿಂತ ಜಾಸ್ತಿ ಕಲಿಸಬಹುದು.

ಪೆನ್ನು, ಪುಸ್ತಕ ತೆಗೆದುಕೊಂಡು ಹೋಗಿ. ಲಂಡನ್ನಿನಲ್ಲಿ ಬುಕ್ ಬೈಂಡಿಂಗ್ ಕಲಿಯುತ್ತಿದ್ದ ಮೈಕೆಲ್ ಫ್ಯಾರಡೆಗೆ 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಶನ್ ಅನ್ನುವ ವಿಜ್ಞಾನ ಸಂಸ್ಥೆಯ ಟಿಕೆಟ್ ಕೊಟ್ಟರು. ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ. ಹುಡುಗ ಕೂತು ಕೇಳಿ, ಬರೆದುಕೊಂಡು, ಉಪಕರಣಗಳ ಚಿತ್ರ ಬಿಡಿಸಿ, ಸುಮಾರು 300 ಪುಟವನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಮುಂದೆ ಅದೇ ಜಾಗದಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳ 19 ಸರಣಿ ಕೊಟ್ಟರು, ಒಂದು ಮೇಣದಬತ್ತಿಯ ಬಗ್ಗೆಯೇ ಆರು ಉಪನ್ಯಾಸ ಮಾಡಿದರು. ಇಪ್ಪತ್ತೊಂದರ ವಯಸ್ಸಿನಲ್ಲೇ ಗೆಳೆಯನಿಗೆ ಬರೆದ ಪತ್ರದಲ್ಲಿ, ಉಪನ್ಯಾಸ ಯಾರದ್ದೇ ಇರಲಿ ಒಂದು ಗಂಟೆ ಸಾಕು ಅಂದಿದ್ದರು. ಅತಿಥಿಯ ಪರಿಚಯಕ್ಕೇ ಇಪ್ಪತ್ತು ನಿಮಿಷ ತೆಗೆದುಕೊಳ್ಳುವವರಿಗೆ ಆ ಪತ್ರ ಓದಿಸಬೇಕು.

ಸಭೆಯಲ್ಲಿ ಕೇಳಲು ಸಂಕೋಚವಾದರೆ ಮುಗಿದ ಮೇಲೆ ವೇದಿಕೆಯ ಹತ್ತಿರ ಹೋಗಿ. ಲ್ಯಾಪ್‌ಟಾಪ್ ಮುಚ್ಚಿಡುತ್ತಿರುವ ಭಾಷಣಕಾರರಿಗೆ ಕೂಡ ಹೊಗಳಿಕೆಗಿಂತ ಒಂದು ಪ್ರಶ್ನೆ ಬಂದರೆ ಖುಷಿ. ಈ ವಿಷಯ ಹೊಸಬರಿಗೆ ಎಲ್ಲಿಂದ ಓದಲು ಶುರು ಮಾಡಬೇಕು ಅಂತ ಕೇಳಿ, ಒಂದು ಪುಸ್ತಕದ ಹೆಸರಾದರೂ ಸಿಗುತ್ತದೆ. ಜಾಗದ ಚಿಂತೆಯಂತೂ ಬೇಡ. ಮುಂದಿನ ಎರಡು ಸಾಲು ಯಾವಾಗಲೂ ಖಾಲಿ, ಅಲ್ಲೇ ಕೂತುಕೊಳ್ಳಿ, ಕೈ ಎತ್ತಿದರೆ ಅಧ್ಯಕ್ಷರಿಗೆ ಮೊದಲು ಕಾಣುವವರು ನೀವೇ.

ನಮಸ್ಕಾರ.