ಆ ನರ್ಸ್ ಯಾಕೆ ಕೇಳಲಿಲ್ಲ?

[ಸ್ಕ್ರೀನ್ ಮೇಲೆ: ಕೇಸ್ ಶೀಟಿನ ಒಂದೇ ಸಾಲು, ತೀರಾ ಹತ್ತಿರದಿಂದ]

ಈ ಸಾಲು ನೋಡಿ. ಬರೆದವರ ಲೆಕ್ಕದಲ್ಲಿ ಇದು 4 ಯೂನಿಟ್ ಇನ್ಸುಲಿನ್. ‘ಯೂನಿಟ್’ ಅಂತ ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರ ಮಾತ್ರ ಹಾಕಿದ್ದಾರೆ. ಅವಸರದಲ್ಲಿ ಅದರ ಬಾಯಿ ಮುಚ್ಚಿಹೋಗಿದೆ. ಈಗ ಅದು ಸೊನ್ನೆ. 4 ಹೋಗಿ 40 ಆಯಿತು.

ಇಂಥ ಎಡವಟ್ಟು ಆಗುತ್ತದೆ ಅಂತಲೇ ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, 2004ರಲ್ಲೇ ಈ ಗುರುತನ್ನು ‘ಬಳಸಬೇಡಿ’ ಪಟ್ಟಿಗೆ ಸೇರಿಸಿತ್ತು.

[ದೃಶ್ಯ: ರಾತ್ರಿಯ ವಾರ್ಡ್, ಒಂದೇ ಲೈಟ್]

ಈಗ ಕಲ್ಪಿಸಿಕೊಳ್ಳಿ. ರಾತ್ರಿ 2 ಗಂಟೆ. ಶೀಟ್ ಹಿಡಿದು ನಿಂತಿರುವುದು ಕೆಲಸಕ್ಕೆ ಸೇರಿ 3 ತಿಂಗಳಾದ ನರ್ಸ್. ‘40 ಜಾಸ್ತಿ ಆಯ್ತಲ್ವಾ?’ ಅನ್ನೋ ಅನುಮಾನ ಬಂದಿದೆ. ಸೀನಿಯರ್ ಹತ್ತೇ ಹೆಜ್ಜೆ ದೂರದಲ್ಲಿದ್ದಾರೆ. ಆದರೆ ಡ್ಯೂಟಿ ಹ್ಯಾಂಡೋವರ್ ಹೊತ್ತಲ್ಲಿ ಏನೋ ಕೇಳಿದ್ದಕ್ಕೆ ಎಲ್ಲರೆದುರು ಅವರು ಅಂದಿದ್ದರು: “ಇಷ್ಟೂ ಗೊತ್ತಿಲ್ದೆ ಹೇಗಮ್ಮ ಪಾಸಾದೆ?”

ಕೇಳ್ತಾಳಾ?

ಕಿರುಕುಳ ಅಂದ್ರೆ ಕೂಗಾಟವೇ ಆಗಬೇಕಿಲ್ಲ. ರೋಗಿಯ ಬಗ್ಗೆ ಹೇಳಬೇಕಾದ್ದನ್ನು ಬೇಕಂತಲೇ ಅರ್ಧ ಹೇಳುವುದು, ದಿನಾ ಕಷ್ಟದ ಬೆಡ್‌ಗಳನ್ನೇ ಒಬ್ಬಳಿಗೆ ಹಾಕುವುದು, ಮಾತಾಡಿದಾಗ ಮುಖ ತಿರುಗಿಸುವುದು. ಒಂದೊಂದೂ ಚಿಕ್ಕದು. ದೂರು ಕೊಡೋಕೆ ಹೋದರೆ ‘ಇಷ್ಟಕ್ಕೆಲ್ಲಾನಾ?’ ಅಂತಾರೆ.

ಮಾತು ಚುಚ್ಚಿದರೆ ಮನಸ್ಸಿಗೆ ನೋವು, ಕೈಗೇನು ಅಂತ ಕೇಳಬಹುದು. 2015ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗ ಇದನ್ನೇ ಪರೀಕ್ಷಿಸಿತು. ನವಜಾತ ಶಿಶುಗಳ ಐಸಿಯು, ಡಾಕ್ಟರ್ ಮತ್ತು ನರ್ಸ್‌ಗಳ 24 ತಂಡಗಳು. ಮಗು ನಿಜವಾದ್ದಲ್ಲ, ತರಬೇತಿಯ ಗೊಂಬೆ. ಕೆಲವು ತಂಡಗಳಿಗೆ ಹೊರಗಿನ ‘ತಜ್ಞ’ನೊಬ್ಬ ಕೊಂಕು ಮಾತಾಡಿದ. ಆ ತಂಡಗಳು ರೋಗ ಗುರುತಿಸುವುದರಲ್ಲೂ ಚಿಕಿತ್ಸೆಯಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳಿಕೊಳ್ಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ನನಗೆ ಮುಖ್ಯ ಅನ್ನಿಸೋದು ಇದೇ.

ಹಾಗಂತ ಸೀನಿಯರ್‌ಗಳನ್ನೇ ವಿಲನ್ ಮಾಡಬೇಡಿ. ಅವರ ತಲೆ ಮೇಲೆ ಎಷ್ಟು ಬೆಡ್ ಇವೆ ನೋಡಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ 168 ಆಸ್ಪತ್ರೆಗಳ ಲೆಕ್ಕ ನೋಡಿದ 2002ರ ಅಧ್ಯಯನ ಒಂದಿದೆ. ಒಬ್ಬ ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದ ಹಾಗೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಹೆಚ್ಚಿತ್ತು. ಜನ ಸಾಲದ ವಾರ್ಡಲ್ಲಿ ತಾಳ್ಮೆಯೂ ಸಾಲೋದಿಲ್ಲ.

[ಸ್ಕ್ರೀನ್ ಮೇಲೆ: ಎರಡು ವಾರ್ಡ್. ಒಂದರಲ್ಲಿ ತಪ್ಪಿನ ವರದಿಗಳ ರಾಶಿ, ಇನ್ನೊಂದರಲ್ಲಿ ಖಾಲಿ ಟ್ರೇ]

ಇದರಲ್ಲಿ ಸುರಕ್ಷಿತ ವಾರ್ಡ್ ಯಾವುದು? ಖಾಲಿ ಟ್ರೇ ಇರೋದು ಅಂದ್ರಾ? ಸಂಶೋಧಕಿ ಏಮಿ ಎಡ್ಮಂಡ್ಸನ್ ಕೂಡ ಒಳ್ಳೆ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತೆ ಅಂದುಕೊಂಡೇ ಹೊರಟಿದ್ದರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಉಲ್ಟಾ. ಒಳ್ಳೆ ತಂಡಗಳಲ್ಲೇ ಔಷಧಿ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಅಲ್ಲಿ ತಪ್ಪು ಹೆಚ್ಚು ನಡೀತಿತ್ತು ಅಂತಲ್ಲ, ಹೇಳಿಕೊಳ್ಳೋಕೆ ಹೆದರಿಕೆ ಕಡಿಮೆ ಇತ್ತು ಅನ್ನೋದು ಅವರ ವಿವರಣೆ.

‘ನಿಮ್ಮ ವಾರ್ಡಲ್ಲಿ ರೋಗಿಗಳು ಎಷ್ಟು ಸುರಕ್ಷಿತ?’ ಅಂತ ನರ್ಸ್‌ಗಳನ್ನು ಕೇಳಿದಾಗ ಬರುವ ಉತ್ತರದ ಹಿಂದೆ ಮಾನಿಟರು, ಮಷೀನು ಮಾತ್ರ ಇರೋದಿಲ್ಲ. ಹೋದ ವಾರ ಬೈಸಿಕೊಂಡ ನೆನಪೂ ಇರುತ್ತದೆ.

[ದೃಶ್ಯ: ಮತ್ತೆ ಅದೇ ಕೇಸ್ ಶೀಟ್, ಬೇರೆ ವಾರ್ಡ್]

“ಸಿಸ್ಟರ್, ಇದು 4ಆ, 40ಆ?”

“ತಾ ಇಲ್ಲಿ... ನಂಗೂ 40 ಥರಾನೇ ಕಾಣ್ತಿದೆ ಕಣೆ. ಸಿರಿಂಜ್ ಕೆಳಗಿಡು. ಡಾಕ್ಟರಿಗೆ ಫೋನ್ ಮಾಡ್ತೀನಿ.”